ಕರೆಂಟ್ ಹೋಗುವ ಆರ್ಕೆಸ್ಟ್ರಾದ ಅಕ್ಕ

ಅವಳು ಹಾಡುತ್ತಿದ್ದಳು ಎಂದರೆ ಆಲೂರಿನಲ್ಲಿ ಈಗಲೂ ನಗುವವರಿದ್ದಾರೆ. ಕೂಗುತ್ತಿದ್ದಳು, ಬಯ್ಯುತ್ತಿದ್ದಳು, ಕೆಮ್ಮುತ್ತಿದ್ದಳು, ಅದರ ನಡುವೆ ಎಲ್ಲೋ ಒಂದಿಷ್ಟು ಹಾಡೂ ಬರುತ್ತಿತ್ತು ಎನ್ನುವುದು ಅವರ ವಾದ. ಆ ಹಾಡುಗಳಿಗೆ ಬೇಸ್ ಗಿಟಾರ್ ನುಡಿಸಿದವನು ನಾನು. ಅವಳ ಎಡಗಡೆ, ಸ್ವಲ್ಪ ಹಿಂದೆ ನಿಂತು ಅವಳ ಬೆನ್ನು ನೋಡುತ್ತಾ ನನ್ನ ಒಳ್ಳೆಯ ವರ್ಷಗಳನ್ನು ಕಳೆದವನು. ಹಾಗಾಗಿ ನನ್ನ ಮಾತಿಗೂ ಸ್ವಲ್ಪ ಬೆಲೆ ಇರಬೇಕು. ಅವಳು ಹಾಡುತ್ತಿದ್ದಳು.

ಹೆಸರು ಬರೆಯುವುದಿಲ್ಲ. "ನನ್ನ ಹೆಸರು ಪೇಪರಿಗೆ ಹಾಕಿದ್ರೆ ಗಂಬೂಟಲ್ಲಿ ಹೊಡಿತೀನಿ" ಎಂದು ಒಮ್ಮೆ ಹೇಳಿದ್ದಳು. ಅವಳು ಹೋದ ಮೇಲೂ ಆ ಮಾತಿಗೆ ನನಗೆ ಹೆದರಿಕೆ ಇದೆ. ನಮಗೆಲ್ಲ ಅವಳು ಅಕ್ಕ. ಬನ್ನಿ, ಹೋಗಿ, ಕೂತ್ಕೊಳ್ಳಿ ಎಂದರೆ ಮುಖ ಸಿಂಡರಿಸುತ್ತಿದ್ದಳು. "ನಾನೇನ್ ಸಾವ್ಕಾರ್ತಿಯೇನೋ?" ಎನ್ನುತ್ತಿದ್ದಳು.

ಸಕಲೇಶಪುರದಿಂದ ಆಲೂರಿನ ಕಡೆಗೆ ಬರುವಾಗ ಹೇಮಾವತಿ ಹೊಳೆಯ ಮಗ್ಗುಲಿಗೆ ಒಂದು ದೊಡ್ಡ ಕಾಫಿ ಎಸ್ಟೇಟ್ ಸಿಗುತ್ತದೆ. ಅದರ ಲೈನಿನಲ್ಲಿ, ಅಂದರೆ ಕೆಲಸದವರಿಗೆಂದು ಕಟ್ಟಿಸಿದ ಸಾಲುಮನೆಗಳಲ್ಲಿ, ಅಕ್ಕ ಹುಟ್ಟಿ ಬೆಳೆದಳು. ಮನೆಯಲ್ಲಿ ಅವ್ವ, ಒಬ್ಬ ತಮ್ಮ, ಇವಳು. ಕಾಫಿ ಗಿಡದ ರೆಂಬೆ ಸವರಿ ಕಸಿ ಮಾಡುವುದು, ಹಣ್ಣು ಕುಯ್ಯುವುದು ತನ್ನಿಂದಾಗದು ಎಂದು ಪೇಟೆಗೆ ಬಂದು ಹೊಲಿಗೆ ಕಲಿತಳು. ಹಗಲು ರವಿಕೆ ಹೊಲಿಯುವುದು, ಗಣಪತಿ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡುವುದು. ಆ ಆರ್ಕೆಸ್ಟ್ರಾದಲ್ಲಿ ನಾನೂ ಇದ್ದೆ, ಡ್ರಮ್ಸ್ ಬಾರಿಸುವ ಲೋಕೇಶನೂ ಇದ್ದ. ತೊಂಬತ್ತರ ದಶಕದ ನಡುಭಾಗ. ಅಕ್ಕ ಸ್ಟೇಜು ಹತ್ತಿದರೆ ಪಾಳ್ಯದ ಹುಡುಗರು ಶಾಲು ಬೀಸುತ್ತಿದ್ದರು. ಅವಳಿಗೂ ತನ್ನ ಮೇಲೆ ಅಭಿಮಾನ ಕಮ್ಮಿ ಇರಲಿಲ್ಲ. ಕೂದಲಿಗೆ ಎಣ್ಣೆ ಹಚ್ಚಿ, ಜಡೆ ಮುಂದಕ್ಕೆ ಹಾಕಿಕೊಂಡು, ಲವಂಗ ಜಗಿಯುತ್ತಾ ಕೂರುತ್ತಿದ್ದ ಠೀವಿ ನೋಡಬೇಕಿತ್ತು.

ಆಮೇಲೆ ಅವಳ ಗಂಟಲು ಕೆಟ್ಟಿತು. ಗಂಟಲಲ್ಲಿ ಗಂಟಾಗಿದೆ, ಮಾತು ಕಮ್ಮಿ ಮಾಡಬೇಕು ಎಂದರು ಡಾಕ್ಟರು. ಮಾತು ಕಮ್ಮಿ ಮಾಡುವುದು ಅಕ್ಕನಿಂದ ಆಗುವ ಕೆಲಸವೇ? ಒಂದು ಮದುವೆಯಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಅಲ್ಲೇ ಒಡೆದು, ಸೀಳಿದ ಬಿದಿರಿನಂಥ ಸದ್ದು ಬಂತು. "ಗಂಡಸು ಹಾಡ್ದಂಗೈತೆ" ಎಂದು ಯಾರೋ ಕೂಗಿದರು. ಆರ್ಕೆಸ್ಟ್ರಾದ ಯಜಮಾನ ಹಾಡಿನ ಮಧ್ಯದಲ್ಲೇ ಬಂದು ಅವಳ ಕೈಯಿಂದ ಮೈಕು ತೆಗೆದುಕೊಂಡ. ಅವಳು ಮೆಟ್ಟಿಲು ಇಳಿದು ಹೋದಳು. ಆಮೇಲೆ ಬಹಳ ದಿನ ಹೊಲಿಗೆ ಮಿಷನ್ನಿನ ಮುಂದೆ ಬಿಟ್ಟರೆ ಎಲ್ಲೂ ಕಾಣಲಿಲ್ಲ.

ಅವಳನ್ನು ಮತ್ತೆ ಎಬ್ಬಿಸಿ ತಂದದ್ದು ಮೈಕ್ ಸೆಟ್ ಈರಣ್ಣ. ಸಕಲೇಶಪುರದಲ್ಲಿ ಅವನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ, ಜೊತೆಗೆ ರೇಡಿಯೋ, ಟೇಪ್ ರಿಪೇರಿ. ಹಳಿ ಅಗಲ ಮಾಡಲೆಂದು ಘಾಟಿಯಲ್ಲಿ ರೈಲು ನಿಲ್ಲಿಸಿದ್ದ ಕಾಲ ಅದು. ಖಾಲಿ ಹಳಿಯ ಮೇಲೆ ಸುರಂಗ, ಸೇತುವೆ ನೋಡುತ್ತಾ ನಡೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಅಂಥ ಒಬ್ಬ ವಿದೇಶದ ಹುಡುಗ ಮಳೆಯಲ್ಲಿ ನೆನೆದು ಕೆಟ್ಟ ವಾಕ್‌ಮನ್ ಹಿಡಿದು ಈರಣ್ಣನ ಅಂಗಡಿಗೆ ಬಂದ. ರಿಪೇರಿ ಆದ ಖುಷಿಗೆ ಒಂದು ಕ್ಯಾಸೆಟ್ ಕೊಟ್ಟುಹೋದ.

ಕ್ಯಾಸೆಟ್ಟಿನ ಒಂದು ಮಗ್ಗುಲಲ್ಲಿ ಯಾರೋ ಒಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದ. ಗಿಟಾರು ಅವಸರದಲ್ಲಿತ್ತು, ಡ್ರಮ್ಸು ಅದಕ್ಕಿಂತ ಅವಸರದಲ್ಲಿತ್ತು. ಇನ್ನೊಂದು ಮಗ್ಗುಲಲ್ಲಿ ಅವೇ ಹಾಡುಗಳು, ಆದರೆ ನಿಧಾನಕ್ಕೆ, ತೂಗಿಕೊಂಡು. ಇದ್ದಕ್ಕಿದ್ದಂತೆ ಹಾಡುವವನ ದನಿ ಮಾಯವಾಗಿ ಬರೀ ಬೇಸು, ಡ್ರಮ್ಸು ಉಳಿಯುತ್ತಿತ್ತು. ಆಮೇಲೆ ಅರ್ಧ ಮಾತು ಎಲ್ಲಿಂದಲೋ ಮರುದನಿಯಾಗಿ ಬಂದು ಕರಗಿಹೋಗುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಬಂದರೆ ಹೀಗೇ ದನಿ ಹೋಗುತ್ತದೆ. ಈರಣ್ಣ ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ, ಕ್ಯಾಸೆಟ್ ಬಿಚ್ಚಿ ಒಲೆಯ ಹತ್ತಿರ ಒಣಗಿಸಿದ, ಮತ್ತೆ ಹಾಕಿದ. ಹಾಡುವವನು ಅದೇ ಜಾಗದಲ್ಲಿ ಮತ್ತೆ ಮಾಯ. ಕಡೆಗೆ ನನ್ನನ್ನು ಕರೆಸಿ ಗುಟ್ಟು ಹೇಳುವವನಂತೆ ಹೇಳಿದ: "ಬೂಷ್ಟಲ್ಲ ಕಣ್ರೀ ಇದು. ಬೇಕೂಂತ್ಲೇ ದನಿ ಕಿತ್ತಾಕವ್ರೆ!"

ಕೂಗುವುದಕ್ಕೆ ಪಂಕ್, ತೂಗುವುದಕ್ಕೆ ರೆಗೆ, ದನಿ ಕಿತ್ತದ್ದಕ್ಕೆ ಡಬ್ ಎಂಬ ಹೆಸರುಗಳೆಲ್ಲ ನಮಗೆ ಗೊತ್ತಾಗಿದ್ದು ಬಹಳ ಆಮೇಲೆ. ಅವತ್ತು ಅಕ್ಕ ರವಿಕೆಯ ಬಟ್ಟೆ ತೊಡೆಯ ಮೇಲೆ ಹಾಕಿಕೊಂಡು, ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಕ್ಯಾಸೆಟ್ ಕೇಳಿದಳು. ದಾರ ಉಗಿದು ಹೇಳಿದಳು: "ಇವ್ನ ಗಂಟ್ಲೂ ನನ್ನಂಗೇ ಹೋಗ್ಬುಟ್ಟೈತೆ. ಆದ್ರೂ ಯಾರೂ ಇವ್ನ ಕೈಯಿಂದ ಮೈಕು ಕಿತ್ಕಂಡಿಲ್ಲ ನೋಡ್ಲಾ."

ಹೀಗೆ ನಮ್ಮ ತಂಡ ಶುರುವಾಯಿತು. ಅಕ್ಕ ಒಂದು ಹಳೇ ಗಿಟಾರು ಹಿಡಿದು ಹಾಡುವುದು, ನಾನು ಬೇಸು, ಲೋಕೇಶ ಡ್ರಮ್ಸು. ಈರಣ್ಣ ಮಿಕ್ಸರಿನ ಹಿಂದೆ. ಅವನ ಹತ್ತಿರ ಪೌರಾಣಿಕ ನಾಟಕಗಳಿಗೆಂದು ತಂದ ಎಕೋ ಮಿಷನ್ ಇತ್ತು. ಆಕಾಶವಾಣಿ ಆಗುವಾಗ, ರಾಕ್ಷಸ ನಗುವಾಗ ಮಾತ್ರ ಅದನ್ನು ಹಾಕುತ್ತಿದ್ದ. ಈಗ ಅಕ್ಕನ ದನಿಗೆ ಹಾಕತೊಡಗಿದ. ಮೊದಮೊದಲು ಅವನು ಆ ಕ್ಯಾಸೆಟ್ಟಿನ ಹಾಗೆ ಹಾಡಿನ ನಡುವೆ ಅವಳ ದನಿ ಕಿತ್ತಾಗಲೆಲ್ಲ ಜನ "ಕರೆಂಟ್ ಹೋಯ್ತು, ಕರೆಂಟ್ ಹೋಯ್ತು" ಎಂದು ಕೂಗುತ್ತಿದ್ದರು. ಲೈಟು ಉರಿಯುತ್ತಲೇ ಇದೆಯಲ್ಲ ಎಂದು ಯಾರೂ ನೋಡುತ್ತಿರಲಿಲ್ಲ. ನಾವು ತಂಡಕ್ಕೆ ಏನೇನೋ ಹೆಸರು ಯೋಚಿಸಿದ್ದೆವು, ಊರವರು ಕರೆಂಟ್ ಹೋಗೋ ಆರ್ಕೆಸ್ಟ್ರಾ ಎಂದು ಕರೆದು ಮುಗಿಸಿದರು.

ಅಕ್ಕ ಹಾಡು ಕಟ್ಟುತ್ತಿದ್ದದ್ದು ಜಗಳ ಆಡುವ ಹಾಗೆ. ಸೋರುವ ಲೈನ್ ಮನೆ, ಕಾಫಿ ರೇಟು ಬಿದ್ದರೆ ಕೆಲಸದಿಂದ ಬಿಡಿಸಿ ರೇಟು ಎದ್ದರೆ ಮರೆತುಬಿಡುವ ಜಾಣತನ, ಓಟಿನ ಕಾಲಕ್ಕೆ ಮಾತ್ರ ಲೈನಿನ ದಾರಿ ಗೊತ್ತಾಗುವ ಮುಖಂಡರು. ಸ್ಟೇಜಿನ ಮೇಲೆ ಸೀರೆಯನ್ನು ಮೇಲೆ ಸಿಕ್ಕಿಸಿ ಔಷಧಿ ಹೊಡೆಯುವವರ ಗಂಬೂಟು ಹಾಕಿಕೊಳ್ಳುತ್ತಿದ್ದಳು. ಯಾಕಕ್ಕ ಎಂದರೆ "ಜಿಗಣೆ" ಎನ್ನುತ್ತಿದ್ದಳು. ಸಿಮೆಂಟಿನ ಸ್ಟೇಜಿನ ಮೇಲೆ ಎಲ್ಲಿಯ ಜಿಗಣೆ! ಆನೆ ಬಂತೆಂದರೂ ಅಲ್ಲಾಡದವಳು ಹಲ್ಲಿ ಕಂಡರೆ ಮಾತ್ರ ಲೋಕೇಶನ ಬೆನ್ನ ಹಿಂದೆ ಅಡಗುತ್ತಿದ್ದಳು. ನಾನು ತಾಳ ತಪ್ಪಿದರೆ ಹಿಂದೆ ತಿರುಗದೆಯೇ ಹಿಮ್ಮಡಿಯಲ್ಲಿ ಸ್ಟೇಜಿಗೆ ಒಂದು ಗುದ್ದು ಕೊಡುತ್ತಿದ್ದಳು. ಹಾಡು ಮುಗಿದ ಮೇಲೆ ಅವಳೇ ಚಹಾ ತಂದು ಕೊಟ್ಟು, "ಬೇಜಾರ್ ಮಾಡ್ಕೋಬ್ಯಾಡ ಮಾರಾಯ, ನಿನ್ ಬೇಸು ನನ್ ಎದೆವೊಳಿಕ್ಕೆ ಬತ್ತೈತೆ" ಎನ್ನುತ್ತಿದ್ದಳು. ಅಷ್ಟು ಹೇಳಿದರೆ ಸಾಕು, ನಾನು ಮುಂದಿನ ಕಾರ್ಯಕ್ರಮಕ್ಕೆ ನಡೆದಾದರೂ ಹೋಗುತ್ತಿದ್ದೆ. ನಮ್ಮದು ಆಲೂರಿನಲ್ಲಿ ಗೊಬ್ಬರದ ಅಂಗಡಿ. ಗಿರಾಕಿಗಳೆಲ್ಲ ಎಸ್ಟೇಟಿನವರೇ. "ಗಿರಾಕಿಗಳಿಗೆ ಬಯ್ಯೋ ಹಾಡಿಗೆ ನಮ್ಮನೆ ಮಗನೇ ತಂತಿ ಮೀಟ್ತಾನಲ್ಲ ಶಿವನೇ" ಎಂದು ಅಪ್ಪ ಗಲ್ಲಾದಲ್ಲಿ ಕೂತು ನಿಟ್ಟುಸಿರು ಬಿಡುತ್ತಿದ್ದರು.

ಒಂದು ಅಮಾವಾಸ್ಯೆಯ ದಿನ ಅಕ್ಕ ನಮ್ಮ ಮನೆಗೆ ಬಂದಾಗ ನಾವು ಹೊಲದ ಅಂಚಿನಲ್ಲಿ ಅಜ್ಜಿಯ ಸಮಾಧಿಗೆ ಪೂಜೆ ಮಾಡಲು ಹೊರಟಿದ್ದೆವು. ನಮ್ಮವರಲ್ಲಿ ಹೂಳುವುದು ಪದ್ಧತಿ, ಹೊಲ ಇದ್ದವರು ಹೊಲದಲ್ಲೇ ಹೂಳುತ್ತಾರೆ. ಅಕ್ಕನೂ ಜೊತೆಗೆ ಬಂದಳು. ಕಲ್ಲಿಗೆ ವಿಭೂತಿ ಹಚ್ಚಿ, ಕಾಯಿ ಒಡೆಯುವುದನ್ನು ನೋಡುತ್ತಾ ನಿಂತಿದ್ದವಳು ಕೇಳಿದಳು: "ಬೇಕಾದಾಗ ಬಂದು ಅಜ್ಜಿ ಹತ್ರ ಕೂತ್ಕೋಬೌದಾ ನೀವು?"

ಕೂತುಕೊಳ್ಳಬಹುದು ಎಂದೆ. ಇದೂ ಒಂದು ಕೇಳುವ ಮಾತೇ ಎಂದುಕೊಂಡೆ.

ವಾಪಸು ಬರುವಾಗ ದಾರಿಯಲ್ಲಿ ಹೇಳಿದಳು. ಅವರಲ್ಲೂ ಹೂಳುವುದೇ ಪದ್ಧತಿ. ಆದರೆ ಲೈನಿನವರಿಗೆ ಹೂಳಲು ಜಾಗ ಇಲ್ಲ. ಇರುವ ಮನೆಯೇ ಸಾವ್ಕಾರರದು. ಎಸ್ಟೇಟಿನೊಳಗೆ ಹೂಳಲು ಅವರು ಬಿಡುವುದಿಲ್ಲ, ಹೂತ ಜಾಗ ನಮ್ಮದು ಎಂದು ನಾಳೆ ಹಕ್ಕು ಕೇಳುತ್ತಾರೆ ಎಂಬ ಭಯ. ಕಾಡಿನ ಅಂಚಿಗೆ ಹೋದರೆ ಗಾರ್ಡು ಬಿಡುವುದಿಲ್ಲ, ಊರಿನ ಕಡೆ ಹೋದರೆ ಊರವರು ಬಿಡುವುದಿಲ್ಲ. ಅಕ್ಕನ ಅವ್ವ ತೀರಿಕೊಂಡದ್ದು ಮಳೆಗಾಲದಲ್ಲಿ. ಜೀವಮಾನವೆಲ್ಲ ಆ ಎಸ್ಟೇಟಿನಲ್ಲೇ ದುಡಿದವಳನ್ನು ಕಡೆಗೆ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು. ಮೂರನೇ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಬೇಕು. ತಮ್ಮನೂ ಅವಳೂ ಬಟ್ಟಲು ಹಿಡಿದು ಹೋದರೆ ಹೊಳೆ ಏರಿ ದಂಡೆಯೇ ಇರಲಿಲ್ಲ. ಎಲ್ಲಿ ಹೂತದ್ದು ಎಂದೇ ತಿಳಿಯಲಿಲ್ಲ. ಅಂದಾಜಿನ ಮೇಲೆ ನೀರಿಗೆ ಸುರಿದು ಬಂದರು.

"ಅದೇ ಹೊತ್ನಲ್ಲಿ ಸಾವ್ಕಾರ್ರ ನಾಯಿ ಸತ್ತಿತ್ತು ಕಣೋ. ಬಂಗ್ಲೆ ಮುಂದ್ಕೇ ಸಿಮೆಂಟ್ ಕಟ್ಟೆ ಕಟ್ಟಿಸ್ಬುಟ್ಟವ್ರೆ" ಎಂದಳು ಅಕ್ಕ. ನಗುತ್ತಲೇ ಹೇಳಿದಳು.

ಆ ವಾರವೇ ಹಾಡು ಬಂತು. ಮೊದಲು ಕೂಗಿಕೊಂಡು ಓಡುವುದು, ಆಮೇಲೆ ಬೇಸು ಹಿಡಿದು ನಿಧಾನಕ್ಕೆ ತೂಗುವುದು.

ಬಟ್ಟಲಲ್ಲಿ ಹಾಲೈತೆ, ಎಲ್ಲಿಗೆ ಬಿಡ್ಲಿ?
ಮಿಳ್ಳೇಲಿ ತುಪ್ಪೈತೆ, ಎಲ್ಲಿಗೆ ಬಿಡ್ಲಿ?
ಗಿಡಕ್ಕೂ ಜಾಗೈತೆ, ನಾಯಿಗೂ ಜಾಗೈತೆ,
ನಮ್ಮವ್ವನ್ನ ಎಲ್ಲಿಡ್ಲಿ ಹೇಳಿ ಸಾವ್ಕಾರ್ರೆ.

ಈರಣ್ಣ ಅದನ್ನು ಕ್ಯಾಸೆಟ್ಟಿಗೆ ಹಾಕಿ ಕೇಳಿದವರಿಗೆಲ್ಲ ಕೊಟ್ಟ. ಒಂದೇ ಮಳೆಗಾಲದಲ್ಲಿ ಆ ಹಾಡು ಬಿಸಿಲೆ ಕಡೆಯ ಲೈನುಗಳವರೆಗೂ ಹೋಯಿತು. ಎಲ್ಲ ಲೈನಿನಲ್ಲೂ ಒಬ್ಬ ಅವ್ವ ಇದ್ದಳು, ಎಲ್ಲ ಅವ್ವಂದಿರದೂ ಅದೇ ಕತೆ. ಹೆಂಗಸರು ಕಸಿ ಮಾಡುತ್ತಾ ಅದನ್ನೇ ಗುನುಗುತ್ತಾರೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬಂಗಲೆಗೆ ವರದಿ ಕೊಟ್ಟರು. ಅಕ್ಕನಿಗೆ ಆಗ ಬೇರೆ ಹಾಡುಗಳ ಮೇಲೆ ಆಸೆಯೇ ಹೋಯಿತು. "ಒಂದು ತುಂಡು ನೆಲ. ಬೇಲಿ ಹಾಕಿದ್ದು. ನೀರ್ ಬರ್ದೇ ಇರೋದು. ಅಷ್ಟು ಕೊಡ್ಸಿ ನಾನು ಗಿಟಾರ್ ಮೂಲೆಗಿಕ್ತೀನಿ" ಎನ್ನುತ್ತಿದ್ದಳು.

ಆ ವರ್ಷ ಮಗ್ಗೆ ಕಡೆಯ ಒಂದು ಊರಿನ ರಾಜ್ಯೋತ್ಸವಕ್ಕೆ ನಮ್ಮನ್ನು ಕರೆದರು. ಆನೆಗಳು ಗದ್ದೆಗೆ ಇಳಿಯುವ ಕಾಲ. ನಮ್ಮ ಕಡೆ ಆಗೆಲ್ಲ ಕಾರ್ಯಕ್ರಮಗಳನ್ನು ಮಧ್ಯಾಹ್ನ ಶುರುಮಾಡಿ ಹೊತ್ತು ಮುಳುಗುವ ಮೊದಲೇ ಮುಗಿಸಿ ಜನ ಮನೆ ಸೇರುತ್ತಿದ್ದರು. ಸ್ಟೇಜಿನ ಮೇಲೆ ತಾಲ್ಲೂಕಿನ ದೊಡ್ಡ ಅಧಿಕಾರಿಯೊಬ್ಬರು, ಅವರ ಪಕ್ಕದಲ್ಲಿ ಊಟದ ಖರ್ಚು ವಹಿಸಿದ್ದ ಅದೇ ಎಸ್ಟೇಟಿನ ಸಾವ್ಕಾರ್ರು. ಕೆಳಗೆ ಸುತ್ತಲಿನ ಲೈನುಗಳ ಜನ ಊಟಕ್ಕೂ ಹಾಡಿಗೂ ಬಂದು ಕೂತಿದ್ದರು. ನಮ್ಮನ್ನು ಕರೆಸಿದ್ದ ಆ ಊರಿನ ಸಂಘದ ಅಧ್ಯಕ್ಷ ಸ್ಟೇಜಿನ ಹಿಂದೆ ಬಂದು ಕೈಮುಗಿದ.

"ಅಕ್ಕ, ಆ ಹಾಲು ತುಪ್ಪದ್ದೊಂದು ಬ್ಯಾಡ ಕಣಕ್ಕ. ನೀನು ಅದಕ್ಕೆ ಬಾಯಿ ಬಿಟ್ರೆ ನಾನು ಮೈಕ್ ಆಫ್ ಮಾಡಿಸ್ಬೇಕಾಯ್ತದೆ. ನನ್ ಮರ್ವಾದೆ ಉಳಿಸು."

ಅಕ್ಕ ಜಗಳಕ್ಕೆ ನಿಲ್ಲುತ್ತಾಳೆ ಎಂದು ನಾನು ಗಿಟಾರಿನ ವೈರು ಸುತ್ತತೊಡಗಿದ್ದೆ. ಅವಳು ಬಹಳ ಮೆತ್ತಗೆ ಹೇಳಿದಳು: "ಆಯ್ತು ಬುಡಣ್ಣ. ಅದಕ್ಕೆ ನಾನು ಬಾಯೇ ಬಿಡಕಿಲ್ಲ." ಆಮೇಲೆ ಈರಣ್ಣನ ಕಡೆ ತಿರುಗಿ, "ಆ ಫಾರಿನ್ ಹುಡುಗನ್ ಕ್ಯಾಸೆಟ್ಟಿನ ಇನ್ನೊಂದು ಮಗ್ಗಲು" ಎಂದಳು. ಈರಣ್ಣನ ಮುಖ ಅರಳಿತು.

ಹೊತ್ತು ಇಳಿಯುತ್ತಿತ್ತು. ಬೇರೆ ಹಾಡುಗಳೆಲ್ಲ ಮುಗಿದ ಮೇಲೆ ನನ್ನ ಕಡೆ ನೋಡಿ ತಲೆ ಆಡಿಸಿದಳು. ನಾನು ಬೇಸು ಶುರುಮಾಡಿದೆ, ಲೋಕೇಶ ಸೇರಿಕೊಂಡ. ಕೆಳಗೆ ಕೂತವರಿಗೆ ಮೊದಲ ಸುತ್ತಿಗೇ ಗುರುತು ಸಿಕ್ಕಿತು, ಗುಜುಗುಜು ನಿಂತಿತು. ಅಕ್ಕ ಮೈಕಿನ ಮುಂದೆ ಬಾಯಿ ಮುಚ್ಚಿ ನಿಂತು ಗಿಟಾರನ್ನು ಮಾತ್ರ ಆಗೊಮ್ಮೆ ಈಗೊಮ್ಮೆ ಕೆರೆಯುತ್ತಿದ್ದಳು. ಹಾಡು ಶುರುವಾಗಬೇಕಾದ ಜಾಗ ಬಂತು, ಖಾಲಿಯಾಗಿ ಹೋಯಿತು. ಮತ್ತೆ ಬಂತು, ಮತ್ತೆ ಖಾಲಿ. ಯಾರೂ ಕರೆಂಟ್ ಹೋಯಿತು ಎನ್ನಲಿಲ್ಲ.

ಆಗ ಹಿಂದಿನಿಂದ ಲೈನಿನ ಮುದುಕಿ ಸಿದ್ದಮ್ಮ ಎದ್ದು ನಿಂತು ನಡುಗುವ ದನಿಯಲ್ಲಿ ಅಂದಳು: "ಬಟ್ಟಲಲ್ಲಿ ಹಾಲೈತೆ."

ಉಳಿದದ್ದನ್ನು ಎಲ್ಲರೂ ಹಾಡಿದರು. ಈರಣ್ಣ ಕೈಮೈಕನ್ನು ಜನರೊಳಗೆ ದಾಟಿಸಿದ, ಅದು ಕೈಯಿಂದ ಕೈಗೆ ಸಿದ್ದಮ್ಮನವರೆಗೆ ಹೋಯಿತು. ಆಮೇಲೆ ಆಕಾಶವಾಣಿಯ ಎಕೋ ಎತ್ತಿದ. "ಎಲ್ಲಿಗೆ ಬಿಡ್ಲಿ" ಎಂದರೆ ಎದುರಿನ ಗುಡ್ಡವೂ ಕೇಳುವಂತಿತ್ತು. ಅಧ್ಯಕ್ಷ ಓಡಿ ಬಂದ. "ಯಾರ್ ಹಾಡ್ತಿರೋದು? ನಿಲ್ಸಿ!" ಅಕ್ಕ ತನ್ನ ಮುಚ್ಚಿದ ಬಾಯಿಯನ್ನು ಬೆರಳಲ್ಲಿ ತೋರಿಸಿದಳು. ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಹಾಡದೇ ನಿಂತ ಆ ಹೊತ್ತಿನಷ್ಟು ಚೆನ್ನಾಗಿ ಅವಳು ಯಾವತ್ತೂ ಹಾಡಿರಲಿಲ್ಲ ಎಂದರೆ ನೀವು ನನ್ನನ್ನೂ ನೋಡಿ ನಗುತ್ತೀರಿ. ನಗಿ.

ಅಧಿಕಾರಿ ತಲೆ ತಗ್ಗಿಸಿ ಕೂತಿದ್ದರು. ಕಡೆಗೆ ಎದ್ದು ಮೈಕು ಕೇಳಿ ಇಸಿದುಕೊಂಡು, ಜಾಗ ನೋಡಿಸುತ್ತೇನೆ ಎಂದು ಎಲ್ಲರೆದುರು ಹೇಳಿದರು. ಸಾವ್ಕಾರ್ರು ಅಷ್ಟು ಹೊತ್ತಿಗೆ ಜೀಪು ಹತ್ತಿದ್ದರು.

ಮಾತು ಕೊಡುವುದು ಬೇಗ, ಜಾಗ ಕೊಡುವುದು ನಿಧಾನ. ಅಷ್ಟರಲ್ಲಿ ಅಕ್ಕನ ತಮ್ಮನಿಗೆ ಎಸ್ಟೇಟಿನಲ್ಲಿ ಕೆಲಸ ಇಲ್ಲವೆಂದರು. ಕೆಲಸ ಇಲ್ಲದವರಿಗೆ ಲೈನ್ ಮನೆಯೂ ಇಲ್ಲ. ಅಕ್ಕ ತಮ್ಮ ಇಬ್ಬರೂ ಹಾಸನಕ್ಕೆ ಹೋದರು. ಅಲ್ಲಿ ಅವಳು ಹೊಲಿಗೆಯಲ್ಲೇ ಬದುಕಿದಳು. ಗಂಟಲು ಪೂರ್ತಿ ಹೋಗಿ ಪಿಸುಮಾತು ಮಾತ್ರ ಉಳಿಯಿತು. ಲೋಕೇಶ ವಾಲಗದವರ ಜೊತೆ ಸೇರಿದ, ನಾನು ಅಪ್ಪನ ಗಲ್ಲಾದಲ್ಲಿ ಕೂತೆ. ಆಗೀಗ ಅಕ್ಕನಿಗೆ ಫೋನು ಮಾಡುತ್ತಿದ್ದೆ. ಪಿಸುಮಾತು ಫೋನಿನಲ್ಲಿ ಕೇಳುತ್ತಿರಲಿಲ್ಲ. ನಾನೇ ಮಾತಾಡಿ ನಾನೇ ಇಡುತ್ತಿದ್ದೆ. ಆ ಕಡೆ ಅವಳು ಇದ್ದಾಳೆ ಎಂಬುದಷ್ಟೇ ನನಗೆ ಬೇಕಾಗಿತ್ತು.

ಕೆಲವು ವರ್ಷಗಳ ಮೇಲೆ ಜಾಗ ಮಂಜೂರಾಯಿತು. ಗೋಮಾಳದ ಒಂದು ಎತ್ತರದ ತುಂಡು, ಕಲ್ಲುಕಂಬ, ತಂತಿ ಬೇಲಿ, ಒಂದು ನೇರಳೆ ಮರ. ಮೊದಲು ಅಲ್ಲಿ ಮಣ್ಣಾದವಳು ಸಿದ್ದಮ್ಮ. ಅವತ್ತು ಅಕ್ಕ ಹಾಸನದಿಂದ ಬಂದಳು. ಬಹಳ ಇಳಿದುಹೋಗಿದ್ದಳು, ಜಡೆ ಮಾತ್ರ ಎಣ್ಣೆ ಹಚ್ಚಿ ಮುಂದಕ್ಕೆ ಹಾಕಿಕೊಂಡಿದ್ದಳು. ಲೈನಿನವರು ಅವಳನ್ನು ಕೈಹಿಡಿದು ಎಲ್ಲ ತೋರಿಸಿದರು. ಲೈನಿನ ಹಿರಿಯ ಮಂಜಯ್ಯ ನೇರಳೆ ಮರದ ಕೆಳಗೆ ನಿಂತು, "ಇದು ನಿಂಗೆ ಅಂತ ಮಡಗಿದೀವಿ ಕಣವ್ವ. ಇಲ್ಲಿ ಯಾರನ್ನೂ ಇಡಕಿಲ್ಲ" ಎಂದ. ಬದುಕಿರುವವಳಿಗೆ ಹೀಗೆ ಹೇಳಬಹುದೇ ಎಂದು ನನಗೆ ಕಸಿವಿಸಿಯಾಯಿತು. ಅಕ್ಕ ಮಾತ್ರ ದೊಡ್ಡ ಸನ್ಮಾನವಾದವಳಂತೆ ಕೈಮುಗಿದಳು. ಬೇಲಿಯಿಂದ ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು: "ಎಲ್ರಿಗೂ ಆಯ್ತು. ಅವ್ವ ಮಾತ್ರ ಇಲ್ಲಿಗೆ ಬರಂಗಿಲ್ವಲ್ಲೋ."

ನಾನು ಅವಳನ್ನು ಕಂಡದ್ದು ಅದೇ ಕಡೆ.

ಅವಳು ತೀರಿಕೊಂಡ ಸುದ್ದಿಯನ್ನು ಈರಣ್ಣ ಹೇಳಿದ. ಮಂಜಯ್ಯನಿಗೂ ಹೇಳಿಕಳಿಸಿದ್ದರಿಂದ ಲೈನಿನವರು ನೇರಳೆ ಮರದ ಕೆಳಗೆ ಅಗೆದು ಕಾದರು. ಆದರೆ ಅವಳ ತಮ್ಮ ಹಾಸನದಲ್ಲೇ ಸುಟ್ಟು, ಮಡಕೆಯಲ್ಲಿ ಬೂದಿ ತಂದ. ಹೊಳೆಗೆ ಬಿಡಬೇಕು ಎಂದು ಅವಳೇ ಹೇಳಿದ್ದಳಂತೆ. ಹೂಳುವ ಪದ್ಧತಿಯವರು ನಾವು, ಇದೇನಿದು ಎಂದು ಮಂಜಯ್ಯ ಕೆಂಡವಾದ. ನಾವೆಲ್ಲ ದಂಡೆಯಲ್ಲಿ ನಿಂತೆವು. ತಮ್ಮ ಮೊಣಕಾಲುದ್ದ ನೀರಿಗೆ ಇಳಿದು, ಇಲ್ಲೇ ಇರಬೇಕು ಅವ್ವ ಎಂದು ಅಂದಾಜು ಮಾಡಿ, ಮಡಕೆ ಬಗ್ಗಿಸಿದ. ಮಗಳು ಅವ್ವನ ಹತ್ತಿರ ಹೋದಳು. ನನಗೆ ತಡೆಯಲಾಗಲಿಲ್ಲ, ಈರಣ್ಣನ ಹೆಗಲಿಗೆ ತಲೆಯಿಟ್ಟು ಅತ್ತೆ.

"ಅವಳೇ ಹೋರಾಡಿ ಕೊಡ್ಸಿದ್ ನೆಲ. ಅವಳಿಗೇ ಬ್ಯಾಡ್ವಾಯ್ತಾ?" ಎಂದ ಮಂಜಯ್ಯ. ಅವನ ಸಿಟ್ಟು ಕರಗಿ ದನಿ ಸಣ್ಣದಾಗಿತ್ತು. "ಅಗ್ದಿರೋ ಜಾಗ ಏನ್ ಮಾಡನ ಈಗ?"

ತಮ್ಮ ಒದ್ದೆ ಪಂಚೆ ಹಿಂಡುತ್ತಾ ಹೇಳಿದ: "ಮುಚ್ಚಿ, ಹಂಗೇ ಬುಟ್ಟಿರಿ ಅಂದವ್ಳೆ. ಯಾರಾದ್ರೂ ಎಲ್ಲೂ ಜಾಗ ಸಿಗ್ದೆ ಬತ್ತಾರಂತೆ. ಬಂದ್ರೆ ಯಾವ ಎಸ್ಟೇಟು, ಯಾವ ಊರು, ಯಾವ ಜನ ಅಂತ ಕೇಳ್ಬ್ಯಾಡ್ರಿ ಅಂದವ್ಳೆ."

ಆ ವರ್ಷದ ಕಾಫಿ ಕುಯ್ಲಿಗೆ ಬಯಲುಸೀಮೆಯಿಂದ ಲಾರಿಯಲ್ಲಿ ಬಂದವರಲ್ಲಿ ಒಬ್ಬಳು ಹೆಂಗಸು ಜ್ವರದಲ್ಲಿ ತೀರಿಕೊಂಡಳು. ಈ ಕಡೆಯ ಯಾರಿಗೂ ಅವಳ ಪರಿಚಯವಿರಲಿಲ್ಲ, ಅವರ ಮಾತೂ ಬೇರೆ ಥರ. ಬೇಲಿ ಹಾಕಿದ್ದು ನಮ್ಮ ಲೈನಿನವರಿಗೆ ಎಂದು ಕೆಲವರು ಗೊಣಗಿದರಂತೆ. ಮಂಜಯ್ಯ ಯಾರ ಮಾತೂ ಕೇಳದೆ ಗುದ್ದಲಿ ತೆಗೆದುಕೊಂಡು ಹೋಗಿ ನೇರಳೆ ಮರದ ಕೆಳಗೆ ಮೊದಲ ಮಣ್ಣು ತಾನೇ ಎತ್ತಿದ. ಮೂರನೇ ದಿನಕ್ಕೆ ಅವಳ ಕಡೆಯವರು ಬಂದಿರಲಿಲ್ಲ. ಲೈನಿನ ಹೆಂಗಸರೇ ಹಾಲು ತುಪ್ಪ ತಂದು, ನಮ್ಮವ್ವ ಎಂದು ಆ ಮಣ್ಣಿನ ಮೇಲೆ ಬಿಟ್ಟರು.